ಅಮೆರಿಕದಿಂದ ಮಕ್ಕಳ ಸಮೇತ ಮೈಸೂರಿಗೆ: ಯಾವ ಸ್ಕೂಲು, ಯಾವ ಏರಿಯಾ, ಯಾವ ಮನೆ?

ಅಮೆರಿಕದಿಂದ ವಾಪಸ್ ಬರುವ ಸಂಸಾರಗಳು ಸಾಮಾನ್ಯವಾಗಿ ಮೊದಲು ಕೆಲಸ ನೋಡುತ್ತವೆ. ಆಮೇಲೆ ಮನೆ. ಸ್ಕೂಲು ಕೊನೆಗೆ, ಎಲ್ಲಿ ಸೀಟು ಸಿಕ್ಕಿದರೆ ಅಲ್ಲಿ. ಮಕ್ಕಳು ಹತ್ತು ವರ್ಷದ ಒಳಗಿನವರಾದರೆ ಈ ಸಾಲನ್ನು ತಿರುಗಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಮೊದಲು ಸ್ಕೂಲು, ಆಮೇಲೆ ಅದರ ಪಕ್ಕದಲ್ಲಿ ಮನೆ, ಕೆಲಸ ಅದಕ್ಕೆ ಹೊಂದಿಕೊಳ್ಳಲಿ.

ಯಾಕೆಂದರೆ ನಿಮಗೆ ಮೈಸೂರು ಹುಟ್ಟಿದೂರು. ಡಲ್ಲಾಸಲ್ಲೋ ಸಿಯಾಟಲಲ್ಲೋ ಹುಟ್ಟಿದ ಮಗುವಿಗೆ ಇದು ಬೇರೆ ದೇಶ. ರಜೆಗೆ ಬಂದು, ಜೂ ನೋಡಿ, ಅಜ್ಜಿ ಕೈಯಲ್ಲಿ ಮುದ್ದು ಮಾಡಿಸಿಕೊಂಡು ಹೋದಾಗ ಎಲ್ಲಾ ಚೆನ್ನಾಗಿತ್ತು. ಸೋಮವಾರ ಬೆಳಗ್ಗೆ ಟೈ ಕಟ್ಟಿಕೊಂಡು ವ್ಯಾನ್ ಹತ್ತಬೇಕು ಅಂದಾಗ ಅದೇ ಮಗು "ನಾವು ಮನೆಗೆ ಯಾವಾಗ ಹೋಗೋದು?" ಅಂತ ಕೇಳುತ್ತದೆ. ಅದರ ಲೆಕ್ಕದಲ್ಲಿ ಮನೆ ಇನ್ನೂ ಅಲ್ಲೇ ಇದೆ.

ಮುಂದಿನ ಪ್ರತಿಯೊಂದು ಆಯ್ಕೆಗೂ ನಾನು ಎರಡೇ ಪ್ರಶ್ನೆ ಹಾಕುತ್ತೇನೆ. ಮಗು ದಿನಕ್ಕೆ ಎಷ್ಟು ಹೊತ್ತು ಗಾಡಿಯಲ್ಲಿ ಕೂರುತ್ತದೆ? ಸಂಜೆ ಐದು ಗಂಟೆಗೆ ಯಾರ ಜೊತೆ ಆಡುತ್ತದೆ? ಮೈಸೂರಿನ ದೊಡ್ಡ ಲಾಭವೇ ಊರು ಚಿಕ್ಕದು ಅನ್ನುವುದು. ದೂರದ ಸ್ಕೂಲು, ರಿಂಗ್ ರೋಡಿನ ಆಚೆಯ ಲೇಔಟು ಅಂತ ಹೋಗಿ ಆ ಲಾಭವನ್ನು ಕೈಯಾರೆ ಬಿಟ್ಟುಕೊಡುವವರೇ ಜಾಸ್ತಿ.

ಮೈಸೂರಾ, ಬೆಂಗಳೂರಾ, ಮಂಡ್ಯಾನಾ?

ಬೆಂಗಳೂರಿನ ಪರವಾಗಿ ಇರುವ ಮಾತು ಗೊತ್ತಿರುವಂಥದ್ದೇ. ಕೆಲಸ ಅಲ್ಲಿದೆ. ಐಬಿ, ಕೇಂಬ್ರಿಜ್ ಥರದ ಅಂತಾರಾಷ್ಟ್ರೀಯ ಪಠ್ಯದ ಸ್ಕೂಲುಗಳು ಬೇಕಾದಷ್ಟಿವೆ. ನಿಮ್ಮ ಮಗುವಿನ ಥರವೇ ಮೂಗಿನಲ್ಲಿ ಇಂಗ್ಲಿಷ್ ಮಾತಾಡುವ ಹತ್ತು ಮಕ್ಕಳು ಅದೇ ಅಪಾರ್ಟ್‌ಮೆಂಟಿನಲ್ಲಿ ಸಿಗುತ್ತಾರೆ. ಮಗುವಿಗೆ ಹನ್ನೆರಡು ದಾಟಿದ್ದರೆ ನಾನೂ ಬೆಂಗಳೂರು ಅಂತಲೇ ಹೇಳುತ್ತೇನೆ, ಆ ವಯಸ್ಸಿಗೆ ತನ್ನಂಥವರು ನಾಲ್ಕು ಜನ ಇರಬೇಕು. ಚಿಕ್ಕ ಮಕ್ಕಳಿಗೆ ಅದರ ಅಗತ್ಯ ಅಷ್ಟಿಲ್ಲ. ಅವರಿಗೆ ಬೇಕಾದದ್ದು ಪಕ್ಕದ ಮನೆಯ ಒಬ್ಬ ಗೆಳೆಯ, ಕೈಗೆ ಸಿಗುವ ಅಜ್ಜಿ ತಾತ.

"ಮನೆ ಮೈಸೂರಲ್ಲಿ, ಆಫೀಸು ಬೆಂಗಳೂರಲ್ಲಿ, ಹೈವೇ ಇದೆಯಲ್ಲ" ಅನ್ನುವವರಿಗೆ ಒಂದು ಮಾತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಎಕ್ಸ್‌ಪ್ರೆಸ್‌ವೇ ಸುಮಾರು 119 ಕಿಲೋಮೀಟರ್. ರಸ್ತೆ ಚೆನ್ನಾಗಿದೆ. ಆದರೆ ಗಾಡಿ ಕೆಂಗೇರಿ ಮುಟ್ಟಿದ ಮೇಲೆ ಬೇರೆಯೇ ಕಥೆ ಶುರುವಾಗುತ್ತದೆ. ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ, ಸ್ಟೇಷನ್ನಿಂದ ಆಫೀಸಿಗೆ ಮತ್ತೆ ಮೆಟ್ರೋ. ವಾರಕ್ಕೆ ಎರಡು ದಿನ ಆದರೆ ನಡೆಯುತ್ತದೆ. ದಿನಾ ಓಡಾಡುತ್ತೇನೆ ಅನ್ನುವುದು ಹೊಸತರಲ್ಲಿ ಆಡುವ ಮಾತು. ಹಾಗೆ ಓಡಾಡುವ ಅಪ್ಪನನ್ನು ಮಗು ಭಾನುವಾರ ಮಾತ್ರ ನೋಡುತ್ತದೆ. ಅದಕ್ಕೆ ಅಮೆರಿಕ ಬಿಟ್ಟು ಬರಬೇಕಿತ್ತಾ?

ಮಂಡ್ಯ ಅಂದರೆ ಎಲ್ಲರೂ ಸುಮ್ನೆ ತಳ್ಳಿಹಾಕುತ್ತಾರೆ. ಅಜ್ಜಿ ತಾತ ಅಲ್ಲೇ ಇದ್ದರೆ ತಳ್ಳಿಹಾಕಬೇಡಿ. ಮೈಸೂರಿಗೆ 45 ಕಿಲೋಮೀಟರ್, ರೈಲುಗಳಿಗೆ ಬರವಿಲ್ಲ. ಬಾಡಿಗೆ ಕಡಿಮೆ, ಜನ ಮಾತು ಬೆಳೆಸುವವರು. ಅಲ್ಲಿಯ ಬೀದಿಯಲ್ಲಿ ಆಡಿದ ಮಗು ಕನ್ನಡವನ್ನು ಬೇಗ ಹಿಡಿಯುತ್ತದೆ. "ಬಂದ್ಬುಟ್ಟ, ಹೋಯ್ತಾವ್ನೆ" ಅಂತ ಮಾತಾಡಿದರೆ ಮೈಸೂರಿನ ಅತ್ತೆ ಮುಖ ಸಿಂಡರಿಸಬಹುದು, ಸಿಂಡರಿಸಲಿ ಬಿಡಿ. ಕೊರತೆ ಅಂದರೆ ಸ್ಕೂಲಿನ ಆಯ್ಕೆ ಕಡಿಮೆ. ವಿಶೇಷ ತಜ್ಞ ವೈದ್ಯರು ಬೇಕಾದರೆ ಮೈಸೂರಿಗೇ ಬರಬೇಕು. ಹಳ್ಳಿಯಲ್ಲಿ ಮನೆ ಇದ್ದರೆ ಇನ್ನೊಂದು ಎಚ್ಚರ: ಅಮೆರಿಕದ ಈಜುಕೊಳದಲ್ಲಿ ಈಜು ಕಲಿತ ಮಗುವಿಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯೂ ಹಾಗೆಯೇ ಕಾಣುತ್ತದೆ. ನಾಲೆಗೆ ಸೆಳೆತ ಇರುತ್ತದೆ, ಹತ್ತುವುದಕ್ಕೆ ಮೆಟ್ಟಿಲು ಇರುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿ, ಕರೆದುಕೊಂಡು ಹೋಗಿ ತೋರಿಸಿ.

ಏಪ್ರಿಲ್, ಜೂನ್, ಇಲ್ಲವೇ ಡಿಸೆಂಬರ್?

ಅಮೆರಿಕದಲ್ಲಿ ಸ್ಕೂಲಿನ ವರ್ಷ ಆಗಸ್ಟಿಗೋ ಸೆಪ್ಟೆಂಬರಿಗೋ ಶುರು. ಇಲ್ಲಿ ರಾಜ್ಯ ಪಠ್ಯದ ಶಾಲೆಗಳು ಮೇ ಕೊನೆ, ಜೂನ್ ಮೊದಲ ವಾರಕ್ಕೆ ತೆರೆಯುತ್ತವೆ. ಸಿಬಿಎಸ್‌ಇ ಸ್ಕೂಲುಗಳಲ್ಲಿ ಕೆಲವು ಏಪ್ರಿಲ್‌ನಲ್ಲೇ ಸ್ವಲ್ಪ ದಿನ ಪಾಠ ಮಾಡಿ ಆಮೇಲೆ ಬೇಸಿಗೆ ರಜೆ ಕೊಡುತ್ತವೆ. "ಅಲ್ಲಿಯ ವರ್ಷ ಮುಗಿಸಿಕೊಂಡೇ ಬರೋಣ" ಅಂತ ಜೂನ್ ಮಧ್ಯದವರೆಗೆ ಕಾದರೆ ಏರ್‌ಪೋರ್ಟಿನಿಂದ ನೇರ ಕ್ಲಾಸಿಗೆ ಹೋದ ಹಾಗೆ ಆಗುತ್ತದೆ. ನಿದ್ದೆಯ ಹೊತ್ತೇ ಇನ್ನೂ ಸರಿಹೋಗಿರುವುದಿಲ್ಲ.

ನನ್ನ ಓಟು ಏಪ್ರಿಲ್ ಮಧ್ಯಕ್ಕೆ. ಬಿಸಿಲು ಜಾಸ್ತಿ, ನಿಜ. ಆದರೆ ಅಕ್ಕನ ಮಕ್ಕಳು, ಚಿಕ್ಕಪ್ಪನ ಮಕ್ಕಳು, ಬೀದಿಯ ಮಕ್ಕಳು ಎಲ್ಲರೂ ಮನೆಯಲ್ಲೇ ಇರುತ್ತಾರೆ. ಒಂದೂವರೆ ತಿಂಗಳು ಮಾವಿನಹಣ್ಣು ತಿಂದುಕೊಂಡು ಆಡಿದ ಮಗುವಿಗೆ ಜೂನ್‌ನಲ್ಲಿ ಸ್ಕೂಲಿಗೆ ಹೋಗುವಾಗ ಊರಿನಲ್ಲಿ ನಾಲ್ಕು ಜನರಾದರೂ ಗೊತ್ತಿರುತ್ತಾರೆ. ಬೇಸಿಗೆ ಶಿಬಿರಗಳೂ ಇದೇ ಹೊತ್ತಿಗೆ ನಡೆಯುತ್ತವೆ. ರಂಗಾಯಣದ ಚಿಣ್ಣರ ಮೇಳದಲ್ಲಿ ಮಕ್ಕಳು ಕನ್ನಡದಲ್ಲೇ ಹಾಡಿ, ಕುಣಿದು, ನಾಟಕ ಆಡುತ್ತಾರೆ. ಸೀಟಿಗೆ ನೂಕುನುಗ್ಗಲು ಇರುತ್ತದೆ, ಪ್ರಕಟಣೆ ಯಾವಾಗ ಬರುತ್ತದೆ ಅಂತ ಊರಲ್ಲಿ ಇರುವವರಿಗೆ ಹೇಳಿಟ್ಟಿರಿ. ಒಂದನೇ ಕ್ಲಾಸು, ಎರಡನೇ ಕ್ಲಾಸಿನ ಮಗುವಿಗೆ ಅಲ್ಲಿಯ ಕೊನೆಯ ಎರಡು ತಿಂಗಳ ಪಾಠ ತಪ್ಪಿದರೆ ಏನೂ ಮುಳುಗುವುದಿಲ್ಲ.

ಡಿಸೆಂಬರ್ ಹವೆ ಹಿತ. ಆದರೆ ಸೀಟು ಸಿಗುವುದು ಕಷ್ಟ, ಸಿಕ್ಕರೂ ಮೂರು ತಿಂಗಳಲ್ಲಿ ವರ್ಷದ ಪರೀಕ್ಷೆ. ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಮಾತ್ರ ಅಡ್ಡಿಯಿಲ್ಲ.

ವಯಸ್ಸಿನ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. ಕರ್ನಾಟಕದಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ನಿಯಮ. 2025-26ನೇ ಸಾಲಿಗೆ ರಾಜ್ಯ ಪಠ್ಯದ ಶಾಲೆಗಳಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ನೀವು ಸೇರಿಸುವ ವರ್ಷದ ಆದೇಶ ಏನಿದೆ ಅಂತ ನೋಡಿಕೊಳ್ಳಿ. ಜುಲೈನಲ್ಲಿ ಹುಟ್ಟಿದ ಮಗು ಯುಕೆಜಿಯಲ್ಲಿ ಇನ್ನೊಂದು ವರ್ಷ ಕೂರಬೇಕಾಗಿ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಹೊಸ ಜಾಗದಲ್ಲಿ ಕ್ಲಾಸಿನ ದೊಡ್ಡ ಮಗುವಾಗಿ ಇರುವುದೇ ಸುಖ.

ಸ್ಕೂಲು: ಬೋರ್ಡಿಗಿಂತ ಕನ್ನಡ ಮಿಸ್ ಮುಖ್ಯ

ನೆಂಟರ ಮನೆಯಲ್ಲಿ ಕೂತರೆ ಸಿಬಿಎಸ್‌ಇ, ಐಸಿಎಸ್‌ಇ, ಸ್ಟೇಟ್ ಅಂತ ಗಂಟೆಗಟ್ಟಲೆ ಚರ್ಚೆ ಆಗುತ್ತದೆ. ಐದನೇ ಕ್ಲಾಸಿನವರೆಗೆ ಈ ಮೂರರ ನಡುವಿನ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ಕೆಲಸದ ಮೇಲೆ ಊರು ಬದಲಾಯಿಸುವ ಸಾಧ್ಯತೆ ಇದ್ದರೆ ಸಿಬಿಎಸ್‌ಇ ಒಳ್ಳೆಯದು, ದೇಶದಲ್ಲಿ ಎಲ್ಲಿ ಹೋದರೂ ಸಿಗುತ್ತದೆ. ಐಸಿಎಸ್‌ಇಯಲ್ಲಿ ಇಂಗ್ಲಿಷ್ ಓದು-ಬರಹ ಜಾಸ್ತಿ, ಅಲ್ಲಿಂದ ಬಂದ ಮಗುವಿಗೆ ಆ ಭಾಗ ಸಲೀಸು, ಉಳಿದದ್ದು ಭಾರ. ರಾಜ್ಯ ಪಠ್ಯದ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಫೀಸು ಸಾಮಾನ್ಯವಾಗಿ ಕಡಿಮೆ, ಮನೆಗೆ ಹತ್ತಿರದಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಸ್ಕೂಲಿನ ಹೆಸರಿನಲ್ಲಿ "ಇಂಟರ್‌ನ್ಯಾಷನಲ್" ಅಂತ ಇದ್ದರೆ ಅದನ್ನು ನೋಡಿ ಏನೂ ತೀರ್ಮಾನ ಮಾಡಬೇಡಿ. ಯಾವ ಬೋರ್ಡಿಗೆ ಸೇರಿದೆ ಅಂತ ನೇರವಾಗಿ ಕೇಳಿ. ತುಂಬಾ ಸಲ ಉತ್ತರ ಸಿಬಿಎಸ್‌ಇ ಅಂತಲೇ ಬರುತ್ತದೆ, ಫೀಸು ಮಾತ್ರ ಇಂಟರ್‌ನ್ಯಾಷನಲ್.

ಸರ್ಕಾರಿ ವ್ಯವಸ್ಥೆಯಲ್ಲಿ ಮೈಸೂರಿಗೆ ಒಂದು ಅನುಕೂಲ ಇದೆ. 1963ರಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಂದರೆ ನಾವೆಲ್ಲ ಆರ್‌ಐಇ ಅನ್ನುವುದು, ತನ್ನದೇ ಡೆಮಾನ್‌ಸ್ಟ್ರೇಷನ್ ಶಾಲೆಯನ್ನು ನಡೆಸುತ್ತದೆ. ಊರಿನ ಬಾಯಲ್ಲಿ ಅದು ಡಿಎಂಎಸ್. ಶಿಕ್ಷಕರಾಗಲು ಓದುತ್ತಿರುವವರು ಅಲ್ಲಿ ಪಾಠ ಮಾಡಿ ಕಲಿಯುತ್ತಾರೆ. ಹೊಳೆಯುವ ಕಟ್ಟಡ ನಿರೀಕ್ಷಿಸಬೇಡಿ, ಮರಗಳು ಚೆನ್ನಾಗಿವೆ. ಸೀಟು ಸುಲಭ ಅಂತಲೂ ಅಂದುಕೊಳ್ಳಬೇಡಿ.

ಕನ್ನಡ ಮೀಡಿಯಂ? ನಾಲ್ಕೈದು ವರ್ಷದ ಮಗುವಿಗೆ, ಮನೆಯಲ್ಲಿ ಇಂಗ್ಲಿಷ್ ಪುಸ್ತಕ ಓದುವ ರೂಢಿ ಇದ್ದರೆ, ಇದು ಹುಚ್ಚು ಆಲೋಚನೆ ಏನಲ್ಲ. ರಾಮಕೃಷ್ಣನಗರದ ನೃಪತುಂಗ ಕನ್ನಡ ಶಾಲೆಯಂಥವು ಇವೆ. ಇಂಗ್ಲಿಷ್ ಈ ಮಗುವಿಗೆ ಆಗಲೇ ಬಂದಿದೆ, ಬೇಕಾಗಿರುವುದು ಕನ್ನಡ. ಎಂಟು ವರ್ಷ ಆದ ಮೇಲೆ ಮಾತ್ರ ಈ ಸಾಹಸ ಬೇಡ. ಅಷ್ಟು ಹೊತ್ತಿಗೆ ವಿಜ್ಞಾನ, ಗಣಿತ ಎಲ್ಲವನ್ನೂ ಓದಲು ಬಾರದ ಲಿಪಿಯಲ್ಲಿ ಕಲಿಯಬೇಕಾಗುತ್ತದೆ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕು ಅಂತ 2015ರಲ್ಲಿ ಕಾನೂನು ಬಂತು. ಬೋರ್ಡು ಯಾವುದೇ ಇರಲಿ, ನಿಮ್ಮ ಮಗುವಿಗೆ ಕನ್ನಡ ಇದ್ದೇ ಇರುತ್ತದೆ ಅಂತಲೇ ತಯಾರಾಗಿ. ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೂ ಬರವಣಿಗೆ ಬೇರೆಯೇ ಲೋಕ. ಮೂರನೇ ಕ್ಲಾಸಿಗೆ ಸೇರಿದ ಮಗುವಿನ ಉಕ್ತಲೇಖನದ ಪುಸ್ತಕ ತೆಗೆದು ನೋಡಿ. ಮಿಸ್ "ಅಕ್ಕ" ಅಂತ ಹೇಳಿದ್ದಾರೆ, ಮಗು "ಅಕಕ" ಅಂತ ಬರೆದಿದೆ. "ಬೆಕ್ಕು" ಅನ್ನುವುದು "ಬೆಕಕು" ಆಗಿದೆ. ಕೇಳಿದ್ದು ಸರಿಯಾಗಿದೆ, ಅಕ್ಷರಗಳೂ ಗೊತ್ತು. ಒತ್ತಕ್ಷರವನ್ನು ಕೆಳಗೆ ಇಳಿಸಿ ಬರೆಯಬೇಕು ಅಂತ ಅದಕ್ಕೆ ಯಾರೂ ಹೇಳಿಯೇ ಇಲ್ಲ. ಪುಟದ ತುಂಬ ಕೆಂಪು ಸುತ್ತು, ಕೊನೆಯಲ್ಲಿ ಹತ್ತಕ್ಕೆ ಒಂದು. ಪಕ್ಕದ ಮಗುವಿಗೆ ಹತ್ತಕ್ಕೆ ಹತ್ತು. ಅಲ್ಲಿ ರೀಡಿಂಗಿನಲ್ಲಿ ಕ್ಲಾಸಿಗೇ ಮುಂದಿದ್ದ ಮಗು ಇಲ್ಲಿ ಮೊದಲ ಸಲ "ನಾನು ದಡ್ಡ" ಅಂದುಕೊಳ್ಳುವುದು ಇಂಥ ಪುಟದ ಮುಂದೆ.

ಹಾಗಾಗಿ ಸ್ಕೂಲು ನೋಡಲು ಹೋದಾಗ ಸ್ವಿಮ್ಮಿಂಗ್ ಪೂಲ್ ತೋರಿಸುತ್ತಾರೆ, ನೋಡಿ, ಆಮೇಲೆ ಕನ್ನಡ ಹೇಳಿಕೊಡುವ ಮಿಸ್ ಜೊತೆ ಐದು ನಿಮಿಷ ಮಾತಾಡಬೇಕು ಅಂತ ಕೇಳಿ. ಹೊರಗಿನಿಂದ ಬಂದ ಮಗುವಿಗೆ ಮೊದಲ ವರ್ಷ ಕಾಗುಣಿತದಿಂದ ಶುರು ಮಾಡಿಸುತ್ತೀರಾ? ಟೆಸ್ಟಿನಲ್ಲಿ ಬೇರೆ ಪ್ರಶ್ನೆ ಕೊಡುತ್ತೀರಾ? "ನೋಡೋಣ, ಕಳಿಸಿ, ಮಾಡಿಸೋಣ" ಅನ್ನುವ ಮಿಸ್ ಸಿಕ್ಕರೆ ಆ ಸ್ಕೂಲು ಗೆದ್ದಂತೆ. "ಟ್ಯೂಷನ್ ಹಾಕಿಸಿಬಿಡಿ" ಅಂದರೆ ಅದೂ ಒಂದು ಉತ್ತರವೇ, ಅರ್ಥ ಮಾಡಿಕೊಳ್ಳಿ.

ಅಮೆರಿಕದಲ್ಲಿ ಇರುವಾಗಲೇ ಕೊನೆಯ ಆರು ತಿಂಗಳು ದಿನಾ ಹದಿನೈದು ನಿಮಿಷ ಅಕ್ಷರ, ಕಾಗುಣಿತ, ಒತ್ತಕ್ಷರ ಮಾಡಿಸಿದರೆ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ. ಇದರ ಜೊತೆಗೆ ಕೂಡಿಸಿ ಬರೆಯುವ ಇಂಗ್ಲಿಷ್ ಅಕ್ಷರ. ಅಲ್ಲಿ ಬಿಡಿಬಿಡಿಯಾಗಿ ಬರೆದು ರೂಢಿ, ಇಲ್ಲಿ ನಾಲ್ಕು ಗೆರೆ ಪುಸ್ತಕದಲ್ಲಿ ಕರ್ಸಿವ್. ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತಾರೆ. ತಾರೀಕು ಬರೆಯುವಾಗ ತಿಂಗಳು ಮೊದಲಾ ದಿನ ಮೊದಲಾ ಅನ್ನುವ ಗೊಂದಲ ದೊಡ್ಡವರಿಗೇ ವರ್ಷಗಟ್ಟಲೆ ಹೋಗುವುದಿಲ್ಲ.

ಸ್ಕೂಲನ್ನು ಇನ್ನೊಂದು ರೀತಿಯಲ್ಲೂ ಅಳೆಯಬಹುದು. ಬಿಡುವ ಹೊತ್ತಿಗೆ ಗೇಟಿನ ಮುಂದೆ ಸುಮ್ನೆ ನಿಂತುಕೊಳ್ಳಿ. ಮಕ್ಕಳು ನಗುತ್ತಾ ಬರುತ್ತಾರಾ, ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಬರುತ್ತಾರಾ? ವ್ಯಾನಿನಲ್ಲಿ ಎಷ್ಟು ಜನರನ್ನು ತುಂಬುತ್ತಾರೆ? ಒಳಗೆ ಹೋದಾಗ ಮಕ್ಕಳ ಟಾಯ್ಲೆಟ್ ನೋಡಿ, ಆಫೀಸಿನ ಪಕ್ಕದ್ದಲ್ಲ. ಕುಕ್ಕರಗಾಲಲ್ಲಿ ಕೂತು ರೂಢಿಯಿಲ್ಲದ ಮಕ್ಕಳು ಇಡೀ ದಿನ ತಡೆದುಕೊಂಡು ಮನೆಗೆ ಓಡಿ ಬರುತ್ತಾರೆ. ಯಾರೂ ಬಾಯಿ ಬಿಟ್ಟು ಹೇಳದ ಕಷ್ಟ ಇದು. ಸಂಜೆ ಹೊಟ್ಟೆನೋವು ಅಂತ ಡಾಕ್ಟರ ಹತ್ತಿರ ಓಡುವ ಮುಂಚೆ ಇದನ್ನು ಕೇಳಿ ನೋಡಿ. ಮನೆಯಲ್ಲೇ ಸ್ವಲ್ಪ ಅಭ್ಯಾಸ ಮಾಡಿಸಿದರೆ ಸರಿಹೋಗುತ್ತದೆ.

ಮಗು ಒಂದೆರಡು ತಿಂಗಳು ಸ್ಕೂಲಿನಲ್ಲಿ ಮಾತೇ ಆಡದಿದ್ದರೆ ಗಾಬರಿ ಬೇಡ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಮೊದಲು ಕೇಳಿಸಿಕೊಳ್ಳುತ್ತಾರೆ. ಆದರೆ ಮನೆಯಲ್ಲಿ ತನ್ನದೇ ಭಾಷೆಯಲ್ಲೂ ಮಾತು ಹಿಂದೆ ಬಿದ್ದಿದೆ ಅನ್ನಿಸಿದರೆ ತೋರಿಸುವುದಕ್ಕೆ ಮೈಸೂರಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ದೇಶದ ಮೂಲೆಮೂಲೆಯಿಂದ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬರುತ್ತಾರೆ. "ಎರಡು ಭಾಷೆ ಆಯ್ತು, ಅದಕ್ಕೇ ಮಾತು ಬಂದಿಲ್ಲ, ಒಂದನ್ನು ಬಿಡಿಸಿ" ಅನ್ನುವ ನೆಂಟರ ಸಲಹೆಗಿಂತ ಅಲ್ಲಿಯ ತಜ್ಞರ ಮಾತು ಕೇಳಿ.

ಅಪ್ಪ ಅಮ್ಮನ ಮಹಡಿ ಮೇಲಾ, ಬೇರೆ ಮನೆಯಾ?

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮಗನೋ ಮಗಳೋ ವಾಪಸ್ ಬರಲಿ ಅಂತಲೇ ಕಟ್ಟಿಸಿದ ಮಹಡಿ ಮನೆಗಳು ಇವೆ. ಕೆಳಗೆ ಅವರು, ಮೇಲೆ ನೀವು. ಬಾಡಿಗೆ ಉಳಿಯುತ್ತದೆ, ಮಗು ಸ್ಕೂಲಿನಿಂದ ಬಂದಾಗ ಬಾಗಿಲು ತೆರೆಯುವವರು ಇರುತ್ತಾರೆ. ಎರಡನೆಯದು ಎಷ್ಟು ದೊಡ್ಡದು ಅಂತ ಅಮೆರಿಕದಲ್ಲಿ ಡೇಕೇರ್ ಬಿಲ್ ಕಟ್ಟಿದವರಿಗೆ ಹೇಳಬೇಕಾಗಿಲ್ಲ. ಕಷ್ಟವೂ ಉಂಟು. ಮಗುವಿಗೆ ಎಂಟಕ್ಕೆ ಮಲಗುವ ರೂಢಿ, ತಾತನಿಗೆ ಒಂಬತ್ತೂವರೆವರೆಗೆ ಟೀವಿ, ಮೊಮ್ಮಗು ತೊಡೆ ಮೇಲೇ ಇರಬೇಕು. ತಾನೇ ತಿನ್ನಲು ಕಲಿತ ಮಗುವಿಗೆ ಅಜ್ಜಿ ತುತ್ತು ಮಾಡಿ ತಿನ್ನಿಸುತ್ತಾರೆ. ಸೊಸೆ ಏನಾದರೂ ಹೇಳಿದರೆ "ನಾವು ಮಕ್ಕಳನ್ನು ಸಾಕಿಲ್ವಾ?"

ಬೇರೆ ಏರಿಯಾದಲ್ಲಿ ಅಪಾರ್ಟ್‌ಮೆಂಟ್ ತೆಗೆದುಕೊಂಡರೆ ಈ ಕಿರಿಕಿರಿ ಇಲ್ಲ. ಆದರೆ ಅಜ್ಜಿ ಮನೆ ಭಾನುವಾರದ ಭೇಟಿ ಆಗಿಬಿಡುತ್ತದೆ. ಅಪಾರ್ಟ್‌ಮೆಂಟಿನ ಗೆಲುವು ಸಂಜೆಯ ಆಟ. ಗೇಟಿನ ಒಳಗೆ ಮಕ್ಕಳು ತಾವೇ ಇಳಿದು ಹೋಗಿ ಆಡುತ್ತಾರೆ. ಊರಾಚೆಯ ಗೇಟೆಡ್ ಲೇಔಟುಗಳಲ್ಲಿ ಇದೂ ಗ್ಯಾರಂಟಿ ಇಲ್ಲ. ಅರ್ಧ ಸೈಟು ಖಾಲಿ, ಕಟ್ಟಿದ ಮನೆಗಳಲ್ಲಿ ಕೆಲವಕ್ಕೆ ಬೀಗ. ಮಾಲೀಕರು ನಿಮ್ಮ ಹಾಗೆಯೇ ಹೊರದೇಶದಲ್ಲಿ ಇರುತ್ತಾರೆ. ಸಂಜೆ ಐದಕ್ಕೆ ಅಲ್ಲಿ ಹೋಗಿ ನಿಂತು ನೋಡದೆ ಅಡ್ವಾನ್ಸ್ ಕೊಡಬೇಡಿ.

ನನಗೆ ಸರಿ ಅನ್ನಿಸುವುದು ನಡುವಿನ ದಾರಿ. ಅಪ್ಪ ಅಮ್ಮನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಬೇರೆ ಮನೆ. ಒಲೆ ಬೇರೆ, ಬೀಗದ ಕೈ ಬೇರೆ, ಮಗುವಿಗೆ ಎರಡೂ ಮನೆ. ಮಹಡಿ ಮನೆಯೇ ಅನಿವಾರ್ಯ ಆದರೆ ಮೇಲಕ್ಕೆ ಪ್ರತ್ಯೇಕ ಮೆಟ್ಟಿಲು, ಪ್ರತ್ಯೇಕ ಅಡುಗೆಮನೆ ಇರಲಿ.

ಬಾಡಿಗೆಯಾ ಭೋಗ್ಯವಾ ಅನ್ನುವುದು ಅಮೆರಿಕದಲ್ಲಿ ಇಲ್ಲದ ಪ್ರಶ್ನೆ. ಭೋಗ್ಯದಲ್ಲಿ ದೊಡ್ಡ ಮೊತ್ತ ಒಂದೇ ಸಲ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಅಷ್ಟೂ ವಾಪಸ್ ಪಡೆಯುವುದು. ಡಾಲರ್ ತಂದವರಿಗೆ ಇದು ಆಕರ್ಷಕವಾಗಿ ಕಾಣುತ್ತದೆ. ವಾಪಸ್ ಕೊಡುವ ದಿನ ಮಾಲೀಕರ ಕೈಯಲ್ಲಿ ಅಷ್ಟು ದುಡ್ಡು ಇರುತ್ತದಾ ಅನ್ನುವುದೇ ಪ್ರಶ್ನೆ. ಭೋಗ್ಯಕ್ಕೆ ಹೋಗುವುದಾದರೆ ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ ನೋಡಿ, ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಮೊದಲ ವರ್ಷಕ್ಕೆ ಹನ್ನೊಂದು ತಿಂಗಳ ಬಾಡಿಗೆ ಕರಾರೇ ಸಾಕು. ಸ್ಕೂಲು ಒಗ್ಗದಿದ್ದರೆ ಬೇರೆ ಕಡೆ ಹೋಗಬಹುದು. ಮನೆ ಕೊಳ್ಳುವುದು ಆಮೇಲಿನ ಮಾತು.

ಏರಿಯಾಗಳು

ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲು, ಯಾದವಗಿರಿ: ಹಳೆಯ ಮರ, ಅಗಲ ರಸ್ತೆ, ನಡೆದು ಹೋಗಲು ಅಂಗಡಿ. ಕುಕ್ಕರಹಳ್ಳಿ ಕೆರೆ ಪಕ್ಕದಲ್ಲೇ, ಮಗುವನ್ನು ಕರೆದುಕೊಂಡು ಬೆಳಗ್ಗೆ ಹೋದರೆ ಪೆಲಿಕನ್ ನೋಡಬಹುದು. ಮನೆಗಳು ಹಳೆಯವು, ಬಾಡಿಗೆ ಜಾಸ್ತಿ, ಬೀದಿಯಲ್ಲಿ ವಯಸ್ಸಾದವರೇ ಜಾಸ್ತಿ. ಕುವೆಂಪುನಗರ, ರಾಮಕೃಷ್ಣನಗರ, ದಟ್ಟಗಳ್ಳಿ ಕಡೆ ಚಿಕ್ಕ ಮಕ್ಕಳ ಸಂಸಾರಗಳು ತುಂಬಾ ಇವೆ. ಪಾರ್ಕು, ಡಾನ್ಸ್ ಕ್ಲಾಸು, ಸಂಗೀತ ಪಾಠ, ಚಾಟ್ಸ್ ಗಾಡಿ ಎಲ್ಲಾ ನಾಲ್ಕು ಹೆಜ್ಜೆಯಲ್ಲಿ. ನನ್ನನ್ನು ಕೇಳಿದರೆ ಮೊದಲ ವರ್ಷಕ್ಕೆ ಇದೇ ಕಡೆ. ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಹೊರದೇಶದವರು ಓಡಾಡುತ್ತಿರುತ್ತಾರೆ. ಅವರಿಗಾಗಿ ಕೆಫೆಗಳಿವೆ, ಮಗುವಿಗೆ ಪ್ಯಾನ್‌ಕೇಕ್ ಸಿಗುತ್ತದೆ. ಆದರೆ ಯೋಗದವರು ಮೂರು ತಿಂಗಳಿಗೆ ಹೊರಟುಹೋಗುತ್ತಾರೆ, ಅವರ ಮಕ್ಕಳ ಜೊತೆ ಬೆಳೆದ ಗೆಳೆತನವೂ ಅಷ್ಟಕ್ಕೇ. ಹೆಬ್ಬಾಳದ ಇನ್ಫೋಸಿಸ್‌ನಲ್ಲಿ ಕೆಲಸ ಅಂತಾದರೆ ವಿಜಯನಗರ ಅನುಕೂಲ.

ಬೋಗಾದಿ ದಾಟಿ, ಇಲವಾಲದ ಕಡೆ, ನಂಜನಗೂಡು ರಸ್ತೆಯಲ್ಲಿ ಅಗ್ಗಕ್ಕೆ ದೊಡ್ಡ ಮನೆ ಸಿಗುತ್ತದೆ ಅಂತ ಬ್ರೋಕರ್ ಹೇಳುತ್ತಾರೆ. ನನ್ನ ಮೊದಲ ಪ್ರಶ್ನೆ ನೆನಪಿದೆಯಲ್ವಾ? ಕಾವೇರಿ ನೀರು ಬರುತ್ತದಾ, ಬೋರ್‌ವೆಲ್ಲಾ ಅಂತಲೂ ಕೇಳಿ.

ಪೌರತ್ವ: ಓಸಿಐಯಾ, ವೀಸಾ ಮೇಲಾ?

ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಇರುವ ಮಗುವಿಗೆ ಇಲ್ಲಿ ಇರಲು ಓಸಿಐ ಕಾರ್ಡು (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಭಾರತ ಮೂಲದ ಹೊರದೇಶದ ಪ್ರಜೆಗಳಿಗೆ ಕೊಡುವಂಥದ್ದು), ಇಲ್ಲವೇ ಎಂಟ್ರಿ ವೀಸಾ. ವರ್ಷಗಟ್ಟಲೆ ಇರುವವರಿಗೆ ಓಸಿಐ ಬಿಟ್ಟು ಬೇರೆ ಯೋಚನೆ ಬೇಡ. ಅದು ಜೀವನಪೂರ್ತಿ ನಡೆಯುತ್ತದೆ, ವೀಸಾ ಮುಗಿಯಿತು ಅಂತ ಓಡಾಡಬೇಕಿಲ್ಲ. ಹೊರಡುವ ಮುಂಚೆ ಅಲ್ಲೇ ಮಾಡಿಸಿಕೊಂಡು ಬನ್ನಿ.

ಓಸಿಐ ಅಂದರೆ ಪೂರ್ತಿ ಪೌರತ್ವ ಅಂತ ಅಂದುಕೊಂಡವರು ಬಹಳ. ಓಟು ಇಲ್ಲ. ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ. ಮಂಡ್ಯದ ತಾತ "ಮೊಮ್ಮಗನ ಹೆಸರಿಗೆ ಎರಡು ಎಕರೆ ತೆಗೆದುಬಿಡ್ತೀನಿ" ಅಂದರೆ ಮೊದಲೇ ತಡೆಯಿರಿ. ಪಿತ್ರಾರ್ಜಿತವಾಗಿ ಬರುವುದು ಬೇರೆ ವಿಷಯ. ಇನ್ನೂ ದೊಡ್ಡದು ಓದಿಗೆ ಸಂಬಂಧಿಸಿದ್ದು. 2021ರ ಮಾರ್ಚ್ 4ರ ಕೇಂದ್ರ ಸರ್ಕಾರದ ಅಧಿಸೂಚನೆ ಪ್ರಕಾರ ನೀಟ್, ಜೆಇಇ ಥರದ ಪರೀಕ್ಷೆ ಬರೆದರೂ ಓಸಿಐ ಮಕ್ಕಳಿಗೆ ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿ ಸೀಟು ಮಾತ್ರ. ಅದಕ್ಕೂ ಮುಂಚೆ ಓಸಿಐ ಪಡೆದವರಿಗೆ ಇದು ಅನ್ವಯಿಸುವುದಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ಕಾರ್ಡು ಮಾಡಿಸುವ ಮಕ್ಕಳು ಹೊಸ ನಿಯಮದೊಳಗೇ ಬರುತ್ತಾರೆ. ಯುಕೆಜಿ ಮಗುವಿಗೆ ನೀಟ್ ಯಾಕೆ ಅಂತ ನಗಬೇಡಿ. ಹನ್ನೆರಡು ವರ್ಷ ಬೇಗ ಕಳೆಯುತ್ತದೆ, ಎನ್‌ಆರ್‌ಐ ಸೀಟಿನ ಮೆಡಿಕಲ್ ಫೀಸು ಕೇಳಿದರೆ ನಗು ನಿಲ್ಲುತ್ತದೆ.

ಹದಿನಾರು ವರ್ಷದೊಳಗಿನ ಮಗುವಿನ ಅಮೆರಿಕನ್ ಪಾಸ್‌ಪೋರ್ಟ್ 5 ವರ್ಷಕ್ಕೆ ಮುಗಿಯುತ್ತದೆ. ಹೊರಡುವ ಮುಂಚೆಯೇ ಹೊಸದು ಮಾಡಿಸುವುದು ಜಾಣತನ. ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ, ಮಗುವಿಗೆ 20 ತುಂಬುವವರೆಗೆ, ಅದರ ಪ್ರತಿಯನ್ನೂ ಹೊಸ ಫೋಟೊವನ್ನೂ 3 ತಿಂಗಳೊಳಗೆ ಓಸಿಐ ವೆಬ್‌ಸೈಟಿಗೆ ಹಾಕಬೇಕು.

ಓಡಾಟ, ಆರೋಗ್ಯ

ಸ್ಕೂಲ್ ವ್ಯಾನಾ, ಆಟೋನಾ, ನಾವೇ ಸ್ಕೂಟರಲ್ಲಾ? ಎರಡು ಕಿಲೋಮೀಟರ್ ಒಳಗಾದರೆ ನೀವೇ ಬಿಡಿ, ನಡೆದು ಹೋಗುವಂತಿದ್ದರೆ ಇನ್ನೂ ಒಳ್ಳೆಯದು. ಸ್ಕೂಟರಿನಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್, ನಿಮ್ಮ ಜೊತೆ ಕಟ್ಟಿಕೊಳ್ಳುವ ಬೆಲ್ಟು ಎರಡೂ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ಇದು 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮ. ಬೀದಿಯಲ್ಲಿ ಯಾರೂ ಪಾಲಿಸುವುದು ಕಾಣಿಸುವುದಿಲ್ಲ, ನೀವು ಪಾಲಿಸಿ. ಅಲ್ಲಿಯ ಕಾರ್ ಸೀಟು ಬಿಸಾಕದೆ ತನ್ನಿ. ಮಿಕ್ಸಿ, ಹೇರ್ ಡ್ರೈಯರ್ ಅಲ್ಲೇ ಬಿಡಿ, ಇಲ್ಲಿ 230 ವೋಲ್ಟ್.

ಲಸಿಕೆಯ ಪಟ್ಟಿ ಎರಡು ದೇಶದಲ್ಲಿ ಒಂದೇ ಅಲ್ಲ. ಇಲ್ಲಿ ಹುಟ್ಟಿದ ಕೂಡಲೇ ಹಾಕುವ ಬಿಸಿಜಿ ಅಲ್ಲಿ ಹಾಕುವುದಿಲ್ಲ, ಟೈಫಾಯ್ಡ್ ಲಸಿಕೆಯೂ ಅಷ್ಟೇ. ಬಂದ ವಾರದಲ್ಲೇ ಮಕ್ಕಳ ಡಾಕ್ಟರಿಗೆ ಅಲ್ಲಿಯ ಕಾರ್ಡು ತೋರಿಸಿ, ಯಾವುದು ಬಾಕಿ ಅಂತ ಬರೆಸಿಕೊಳ್ಳಿ. ಬೀದಿನಾಯಿ ವಿಷಯ ಬೇರೆಯಾಗಿಯೇ ಹೇಳಬೇಕು. ಅಲ್ಲಿ ಕಂಡ ನಾಯಿಯನ್ನೆಲ್ಲ ಮುಟ್ಟಿದ ಮಗು ಇಲ್ಲೂ ಕೈ ಚಾಚುತ್ತದೆ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ. ಅರಿಶಿನ ಹಚ್ಚಿ ಕೂರಬೇಡಿ.

ಅಲ್ಲಿಂದ ತರಬೇಕಾದ ಕಾಗದಗಳು

ಜನನ ಪ್ರಮಾಣಪತ್ರದ ಎರಡು ಮೂರು ಮೂಲ ಪ್ರತಿ, ಅದರಲ್ಲಿ ಒಂದಕ್ಕಾದರೂ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟಿಲ್, ಅಂದರೆ ಹೊರದೇಶದಲ್ಲೂ ನಡೆಯುವ ದೃಢೀಕರಣ. ಸ್ಕೂಲಿನ ರಿಪೋರ್ಟ್ ಕಾರ್ಡು. ಅಲ್ಲಿ ಟಿಸಿ ಅಂತ ಯಾರೂ ಕೊಡುವುದಿಲ್ಲ, ಇಲ್ಲಿ ಕ್ಲರ್ಕು ಅದಿಲ್ಲದೆ ಫೈಲು ಮುಂದಕ್ಕೆ ಕಳಿಸುವುದಿಲ್ಲ. ಸ್ಕೂಲಿನ ಲೆಟರ್‌ಹೆಡ್ಡಿನಲ್ಲಿ "ಈ ಮಗು ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಕ್ಲಾಸಿನಲ್ಲಿ ಓದಿದೆ, ಈಗ ಬಿಟ್ಟು ಹೋಗುತ್ತಿದೆ" ಅಂತ ಪ್ರಿನ್ಸಿಪಾಲರ ಸಹಿ, ಸಾಧ್ಯವಾದರೆ ಸೀಲು ಹಾಕಿಸಿ ತನ್ನಿ. ಸೀಲು ಯಾಕೆ ಅಂತ ಅವರು ಆಶ್ಚರ್ಯಪಡುತ್ತಾರೆ. ಆದರೂ ಹಾಕಿಸಿಕೊಳ್ಳಿ. ಎಲ್ಲಾ ಕಾಗದದಲ್ಲೂ ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಥರ ಇದೆಯಾ ಅಂತ ವಿಮಾನ ಹತ್ತುವ ಮುಂಚೆ ನೋಡಿಕೊಳ್ಳಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಊರಿನ ಹೆಸರು ಸಮೇತ ಉದ್ದ ಹೆಸರು ಇರುವುದು ನಮ್ಮ ಕಡೆಯವರಲ್ಲಿ ಮಾಮೂಲು. ಅದನ್ನು ಅಲ್ಲಿರುವಾಗಲೇ ತಿದ್ದಿಸುವುದು ಸುಲಭ.